ಸಾಲ ನಮ್ಮ ಹೆಸರಿಗೆ, ಹೊಲ ಯಾರ ಹೆಸರಿಗೆ?

ಬೀದರ್ ಶಹರ, ಭಾಲ್ಕಿ, ಔರಾದ್ ಕಡೆಯ ಅವ್ವಂದಿರಿಗೆ, ಅಕ್ಕ-ತಂಗಿಯರಿಗೆ, ಅವರ ಮನೆಯ ಗಂಡಸರಿಗೂ ಒಂದು ಕರೆ

ಮನೆಯ ಟ್ರಂಕು ತೆಗೆಯಿರಿ. ಒಳಗಿನ ಕಾಗದಪತ್ರವೆಲ್ಲ ಚಾಪೆಯ ಮೇಲೆ ಹರಡಿ. ಓದು ಬಾರದಿದ್ದರೆ ಶಾಲೆಗೆ ಹೋಗುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಎರಡು ಗುಡ್ಡೆ ಮಾಡಿ. ನಿಮ್ಮ ಹೆಸರಿರುವ ಕಾಗದ ಈ ಕಡೆ, ಮನೆಯ ಗಂಡಸರ ಹೆಸರಿರುವ ಕಾಗದ ಆ ಕಡೆ.

ರೇಷನ್ ಕಾರ್ಡು ನಿಮ್ಮ ಗುಡ್ಡೆಗೆ ಬರುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸೇ ಕುಟುಂಬದ ಯಜಮಾನಿ. ಅದೇ ಕಾರ್ಡಿನ ಆಧಾರದ ಮೇಲೆ 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಪಾಸ್‌ಬುಕ್ಕೂ ನಿಮ್ಮದೇ. ಉಜ್ವಲಾ ಗ್ಯಾಸಿನ ಪುಸ್ತಕ ನಿಮ್ಮದು. ಸಂಘದ ಸಾಲದ ಪತ್ರ ನಿಮ್ಮದು. ಮೈಕ್ರೋಫೈನಾನ್ಸ್‌ನವರ ಕಂತಿನ ಕಾರ್ಡಿನ ಮೇಲಂತೂ ನಿಮ್ಮ ಫೋಟೊನೇ ಇದೆ.

ಈಗ ಆ ಕಡೆಯ ಗುಡ್ಡೆ ನೋಡಿ. ಹೊಲದ ಪಹಣಿ. ಮನೆಯ ಖಾತೆ. ಬೈಕಿನ ಆರ್‌ಸಿ, ಇದ್ದವರ ಮನೆಯಲ್ಲಿ ಟ್ರ್ಯಾಕ್ಟರಿನದ್ದೂ. ಸೊಸೈಟಿಯ ಷೇರಿನ ರಸೀದಿ. ಬೆಳೆ ವಿಮೆಯ ಚೀಟಿ. ರೈತರ ನೋಂದಣಿಯ ಫ್ರೂಟ್ಸ್ ಐಡಿ.

ತಿಂಗಳೊಳಗೆ ಖರ್ಚಾಗಿ ಹೋಗುವುದಕ್ಕೂ ವಾರವಾರ ತೀರಿಸಬೇಕಾದುದಕ್ಕೂ ನಮ್ಮ ಹೆಸರು. ಉಳಿಯುವುದಕ್ಕೆ, ಬೆಲೆ ಏರುವುದಕ್ಕೆ ಅವರ ಹೆಸರು. ಇದನ್ನು ಯಾರೂ ಕೂತು ಪಿತೂರಿ ಮಾಡಿ ಹಂಚಿದ್ದಲ್ಲ. ಕೇಳುವವರು ಇರಲಿಲ್ಲ, ಹಾಗೇ ನಡೆದುಕೊಂಡು ಬಂತು. ಇನ್ನು ಮೇಲೆ ಕೇಳೋಣ ಎಂದು ಹೇಳುವುದಕ್ಕೇ ಈ ಕರಪತ್ರ.

ಸಾಲ ಕೊಡುವುದನ್ನು ದೇಶಕ್ಕೆ ತೋರಿಸಿದ ಜಿಲ್ಲೆ ನಮ್ಮದು

ನಮ್ಮ ಜಿಲ್ಲೆಯನ್ನು ಹಿಂದುಳಿದದ್ದು ಎಂದು ಕರೆದು ಕರೆದು ನಮಗೂ ಅದೇ ನಿಜ ಅನ್ನಿಸಿಬಿಟ್ಟಿದೆ. ಹೆಂಗಸರ ಸಂಘದ ವಿಷಯದಲ್ಲಿ ಮಾತ್ರ ಬೀದರ್ ಹಿಂದೆ ಇರಲಿಲ್ಲ. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಕೈಗೆತ್ತಿಕೊಂಡಿತು. ಅದೇ ದಶಕದಲ್ಲಿ, ಗುರುಪಾದಪ್ಪ ನಾಗಮಾರಪಳ್ಳಿ ಅವರು ಅಧ್ಯಕ್ಷರಾಗಿದ್ದ ಕಾಲದಲ್ಲಿ, ಬೀದರ್ ಡಿಸಿಸಿ ಬ್ಯಾಂಕು ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘಗಳ ಮೂಲಕವೇ ಹೆಂಗಸರ ಗುಂಪು ಕಟ್ಟಿಸಿ ಸಾಲ ಕೊಡಲು ಮುಂದಾಯಿತು. ಅಡ ಇಡಲು ಬಂಗಾರವಿಲ್ಲದವರಿಗೆ, ಸಹಿ ಹಾಕಲು ಬಾರದವರಿಗೆ ಸಾಲ ಕೊಟ್ಟರೆ ವಾಪಸು ಬರುತ್ತದೆಯೇ ಎಂದು ನಕ್ಕವರಿದ್ದರು. ಬಂತು. ಹೊರಗಿನ ಸಂಶೋಧಕರು ಇದನ್ನು ನೋಡಿ ಬರೆದುಕೊಂಡು ಹೋಗಲು ನಮ್ಮ ಹಳ್ಳಿಗಳಿಗೆ ಬಂದರು. ಔರಾದ್ ಕಡೆ ಬಚತ್ ಗಟ ಅಂದರು, ಇಲ್ಲಿ ಸಂಘ ಅಂದೆವು. ಕೆಲಸ ಒಂದೇ.

ಆ ರೊಕ್ಕದಿಂದ ಏನಾಯಿತು ಎಂಬುದು ನಮಗೆ ಗೊತ್ತು. ಎಮ್ಮೆ ಬಂತು, ಹೊಲಿಗೆ ಯಂತ್ರ ಬಂತು, ದವಾಖಾನೆಯ ಬಿಲ್ಲು ಕಟ್ಟಿದೆವು, ಮಗಳ ಮದುವೆ ಮಾಡಿದೆವು, ಬಿತ್ತನೆಗೆ ಬೀಜ-ಗೊಬ್ಬರ ತಂದೆವು. ಆ ಬೀಜ ಬಿದ್ದದ್ದು ಗಂಡನ ಹೆಸರಿನ ಹೊಲದಲ್ಲಿ. ಬೋರ್‌ವೆಲ್ ತೆಗೆಸಲು ಸಾಲ ತಂದವಳು ನಾಳೆ ಆ ಹೊಲದಿಂದ ಹೊರಬಿದ್ದರೆ ಬೋರ್‌ವೆಲ್ ಹೊತ್ತುಕೊಂಡು ಹೋಗಲಾರಳು.

ಕಂತಿನ ಕಾಟ ಬೇರೆ. ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. ಬಾಗಿಲಲ್ಲಿ ಬಂದು ಕೂರುವವರ ಭಯಕ್ಕೆ ಊರು ಬಿಟ್ಟವರ ಸುದ್ದಿ ನಾವೂ ಓದಿದೆವು. ಅದಕ್ಕೇ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ಸಾಲ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು: ತಪ್ಪಿತಸ್ಥರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬೆದರಿಸಿದರೆ ಪೊಲೀಸ್ ಠಾಣೆಗೆ ಹೋಗಿ, ಹೆದರಬೇಡಿ. ಆದರೆ ಒಂದು ಪ್ರಶ್ನೆಯನ್ನು ಯಾವ ಸುಗ್ರೀವಾಜ್ಞೆಯೂ ಕೇಳುವುದಿಲ್ಲ. ಸೊಸೈಟಿಯಲ್ಲಿ ರೈತನಿಗೆ ಬಡ್ಡಿಯಿಲ್ಲದ ಬೆಳೆ ಸಾಲ ಸಿಗುತ್ತದೆ. ಅವನ ಜೊತೆಗೇ ಅದೇ ಹೊಲದಲ್ಲಿ ದುಡಿಯುವ ಹೆಂಡತಿ ಅಷ್ಟೊಂದು ಬಡ್ಡಿ ಕೊಟ್ಟು ವಾರದ ಕಂತಿನ ಸಾಲ ಏಕೆ ತರಬೇಕು? ಪಹಣಿಯಲ್ಲಿ ಹೆಸರಿಲ್ಲ, ಅದಕ್ಕೆ.

ಒಂದು ಕಾಗದ, ಹತ್ತು ಬಾಗಿಲು

ನಮ್ಮ ಕಡೆ ಹೊಲದ ಕೆಲಸ ಯಾರು ಮಾಡುತ್ತಾರೆ ಎಂದು ಕೇಳುವುದೇ ನಗೆಪಾಟಲು. ಬೀಜ ಹಸನು ಮಾಡುವುದರಿಂದ ಹಿಡಿದು, ಕಳೆ ತೆಗೆಯುವುದು, ಹೆಸರು ಬಿಡಿಸುವುದು, ಉದ್ದು ಕೀಳುವುದು, ಸೋಯಾ ಕೊಯ್ಯುವುದು, ತೊಗರಿ ಬಡಿಯುವುದು, ದನಕ್ಕೆ ಮೇವು-ನೀರು ನೋಡುವುದು. ಬೀದರ್‌ನ ಗಾಂಧಿ ಗಂಜಿಗೆ ಚೀಲ ಹೋಗುವ ದಿನ ಮಾತ್ರ ಗಂಡಸು ಮುಂದೆ. ಅಡತಿಯ ಪಟ್ಟಿ ಅವನ ಹೆಸರಿಗೆ, ರೊಕ್ಕ ಅವನ ಕೈಗೆ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ನೂರು ಹಿಡುವಳಿಗಳಲ್ಲಿ ಹೆಂಗಸರು ನಡೆಸುವುದು ಸುಮಾರು 14 ಮಾತ್ರ.

ಪಹಣಿಯಲ್ಲಿ ಹೆಸರಿಲ್ಲದವಳಿಗೆ ಏನೇನು ತಪ್ಪುತ್ತದೆ ಲೆಕ್ಕ ಹಾಕೋಣ. ಫ್ರೂಟ್ಸ್ ಐಡಿ ಆಗುವುದು ಪಹಣಿಯ ಮೇಲೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಹೆಸರು ಬರೆಸಲು ಆ ಐಡಿ ಬೇಕು. 2025-26ಕ್ಕೆ ಕ್ವಿಂಟಲ್ ತೊಗರಿಗೆ 8,000 ರೂಪಾಯಿ, ಸೋಯಾಕ್ಕೆ 5,328 ರೂಪಾಯಿ ಬೆಂಬಲ ಬೆಲೆ ಎಂದು ರೇಡಿಯೊ ಹೇಳಿತು. ನಮ್ಮ ಹೆಸರಿಗೆ ಒಂದು ಕ್ವಿಂಟಲ್ ಕೂಡ ಮಾರಲಾಗದು. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಪಹಣಿದಾರನಿಗೆ. 2025ರ ಮಳೆಗಾಲದಲ್ಲಿ ಮಾಂಜ್ರಾ ಉಕ್ಕಿ ದಂಡೆಯ ಹೊಲಗಳು ನೀರಲ್ಲಿ ನಿಂತವಲ್ಲ, ಆಗಲೂ ಪರಿಹಾರದ ರೊಕ್ಕ ಹೋದದ್ದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಮಾವ ತೀರಿಕೊಂಡು ಹತ್ತು ವರ್ಷವಾದರೂ ಪಹಣಿ ಅವರ ಹೆಸರಿನಲ್ಲೇ ಇರುವ ಮನೆಗಳಿಗೆ ಅದೂ ಸಲೀಸಾಗಿ ಸಿಗದು. ಗಂಡ ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗಿ, ಇಲ್ಲಿ ಹೊಲ ನೋಡಿಕೊಳ್ಳುವವಳು ಹೆಂಡತಿಯೇ ಆಗಿರುವ ಮನೆಗಳು ಔರಾದ್ ಕಡೆ ಎಷ್ಟಿವೆ! ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಅವಳು ರೈತಳಲ್ಲ, ರೈತನ ಹೆಂಡತಿ.

ಇನ್ನೊಂದು ಮಾತನ್ನು ಹೇಳದೆ ಬಿಡಲಾಗದು. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಮತ್ತು ಪ್ರದೀಪ್ ಪಾಂಡಾ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಹೊಲವೂ ಇಲ್ಲದ ಮನೆಯೂ ಇಲ್ಲದ ಹೆಂಗಸರಲ್ಲಿ ನೂರಕ್ಕೆ 49 ಮಂದಿ ಗಂಡನಿಂದ ಹೊಡೆತ ತಿಂದಿದ್ದರು. ಎರಡೂ ತಮ್ಮ ಹೆಸರಲ್ಲಿದ್ದವರಲ್ಲಿ ಹಾಗೆ ತಿಂದವರು ನೂರಕ್ಕೆ 7. ಓದಿದ ಜಿಲ್ಲೆ, ಓದಿದ ಹೆಂಗಸರು; ಆದರೂ ಕೈಯೆತ್ತದ ಹಾಗೆ ತಡೆದದ್ದು ಆಸ್ತಿಯ ಕಾಗದ. ಬಿಟ್ಟು ಹೋಗಲು ಜಾಗವಿದ್ದವಳನ್ನು ಹೊಡೆಯುವ ಮುಂಚೆ ಗಂಡಸು ಎರಡು ಸಲ ಯೋಚಿಸುತ್ತಾನೆ.

"ಪಾಲು ಕೇಳಿದರೆ ಪಂಚಮಿಗೆ ಯಾರು ಕರೀತಾರೆ?"

ಕಾನೂನು ಇಲ್ಲದೆ ಇದ್ದಿದ್ದರೆ ಮಾತು ಬೇರೆ. ಕಾನೂನು ಇದೆ, ಹಳೆಯದೇ ಇದೆ. ಮಗಳಿಗೆ ಪಿತ್ರಾರ್ಜಿತದಲ್ಲಿ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲೇ ಕಾಯ್ದೆ ಜಾರಿಗೆ ತಂದಿತು, ದಿಲ್ಲಿಗಿಂತ ಹನ್ನೊಂದು ವರ್ಷ ಮೊದಲು. ಆಗ ಅದಾಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿದ್ದರು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ತಂದೆ ಆ ದಿನ ಬದುಕಿದ್ದರೇ ಇಲ್ಲವೇ ಎಂಬ ತಕರಾರನ್ನು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು: ಹಕ್ಕು ಹುಟ್ಟಿನಿಂದ ಬರುತ್ತದೆ, ತಂದೆ ಇದ್ದರೂ ಇಲ್ಲದಿದ್ದರೂ. 2004ರ ಡಿಸೆಂಬರ್ 20ಕ್ಕಿಂತ ಮುಂಚೆಯೇ ರಿಜಿಸ್ಟರ್ ಆದ ಪಾಲುಪಟ್ಟಿ ಇದ್ದರೆ ಅದನ್ನು ಕೆದಕಲಾಗದು. ಗಂಡ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಅವನ ಆಸ್ತಿಯಲ್ಲಿ ಹೆಂಡತಿಗೆ ಮಕ್ಕಳಷ್ಟೇ, ಅತ್ತೆಯಷ್ಟೇ ಪಾಲು. ಹಳೆ ಬೀದರಿನ ನಮ್ಮ ಮುಸ್ಲಿಂ ಅಕ್ಕ-ತಂಗಿಯರಿಗೆ ಶರೀಅತ್ತೇ ಪಾಲು ಹೇಳಿದೆ: ಮಕ್ಕಳಿದ್ದರೆ ಹೆಂಡತಿಗೆ ಎಂಟರಲ್ಲಿ ಒಂದು, ಮಗಳಿಗೆ ಮಗನ ಅರ್ಧ. ಅಷ್ಟೂ ಕೊಡದೆ ಮನೆಯನ್ನೂ ಅಂಗಡಿಯನ್ನೂ ಅಣ್ಣತಮ್ಮಂದಿರ ನಡುವೆಯೇ ಹಂಚಿಕೊಳ್ಳುವವರು ಕಾನೂನನ್ನೂ ಕೇಳಲಿಲ್ಲ, ದೀನನ್ನೂ ಕೇಳಲಿಲ್ಲ.

ಹಾಗಿದ್ದರೆ ತಪ್ಪುವುದೆಲ್ಲಿ? ಎರಡು ಕಡೆ.

ಮೊದಲನೆಯದು ವಂಶಾವಳಿ. ಅಪ್ಪ ತೀರಿದ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕುವಾಗ ಮನೆತನದ ಪಟ್ಟಿ ಬರೆಸುತ್ತಾರೆ. ಅದರಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೇ ಇರುವುದಿಲ್ಲ. ತಕರಾರಿಗೆ ಗಡುವು ಕೊಟ್ಟು ನೋಟಿಸು ಅಂಟಿಸುತ್ತಾರೆ. ಅದು ಚಾವಡಿಯ ಗೋಡೆಯ ಮೇಲೆ, ಮಗಳು ಉದಗೀರದಲ್ಲೋ ಜಹೀರಾಬಾದಿನಲ್ಲೋ. ಗಡುವು ಕಳೆದ ಮೇಲೆ ಪಹಣಿ ಅಣ್ಣಂದಿರ ಹೆಸರಿಗೆ.

ಎರಡನೆಯದು ಹಕ್ಕು ಬಿಟ್ಟುಕೊಡುವ ಪತ್ರ. ತವರಿಗೆ ಕರೆಸುತ್ತಾರೆ, ಹೋಳಿಗೆ ಮಾಡುತ್ತಾರೆ, ಸೀರೆ ಉಡಿಸಿ ಉಡಿ ತುಂಬುತ್ತಾರೆ. ಮರುದಿನ ಸಬ್ ರಿಜಿಸ್ಟ್ರಾರ್ ಕಚೇರಿ. "ಸಹಿ ಮಾಡಬೇಕಂತ, ಸುಮ್ಮ ಒಂದು ಕಾಗದ." ಲಕ್ಷಗಟ್ಟಲೆ ಬೆಲೆಯ ಹೊಲ ಒಂದು ಇಳಕಲ್ ಸೀರೆಗೆ ಹೋಯಿತು. ಸಹಿ ಮಾಡಿದವಳಿಗೂ ಇದು ಗೊತ್ತು. ಆದರೆ ಪಾಲು ಕೇಳಿದರೆ ಪಂಚಮಿಗೆ ಕರೆಯಲು ಯಾರೂ ಬರುವುದಿಲ್ಲ, ಗಂಡ ಹೊಡೆದರೆ ಓಡಿ ಹೋಗಲು ತವರಿಲ್ಲ, ಬಾಣಂತನಕ್ಕೆ ಜಾಗವಿಲ್ಲ. ಈ ಭಯ ಸುಳ್ಳಲ್ಲ. ಅದನ್ನು ಹಗುರ ಮಾಡಿ ಮಾತಾಡುವವರು ನಮ್ಮ ಮನೆಗಳಲ್ಲಿ ಬಾಳಿಲ್ಲ.

ನಮ್ಮ ಉತ್ತರ ಇಷ್ಟೇ. ಒಬ್ಬಳೇ ಕೇಳಿದರೆ ಅವಳು ಕೆಟ್ಟವಳು. ಓಣಿಯ ಅಷ್ಟೂ ಹೆಣ್ಣುಮಕ್ಕಳು ಕೇಳಿದರೆ ಅದು ಊರಿನ ರಿವಾಜು. ಹೆಣ್ಣುಮಕ್ಕಳು ಪಂಚಾಯತಿ ಅಧ್ಯಕ್ಷರಾಗುವುದನ್ನೂ ಒಂದು ಕಾಲಕ್ಕೆ ಅಸಹ್ಯ ಅಂದರು. 2010ರಿಂದ ಕರ್ನಾಟಕದ ಪಂಚಾಯತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೇ ಮೀಸಲು, ಈಗ ಯಾರು ಅಸಹ್ಯ ಅನ್ನುತ್ತಾರೆ?

ಅಣ್ಣ-ತಮ್ಮಂದಿರು ಹೇಳುವ ಮೂರು ಮಾತಿಗೆ

"ಇರುವುದೇ ಎರಡೆಕರೆ, ಹೆಣ್ಣುಮಕ್ಕಳಿಗೂ ಕೊಟ್ಟರೆ ಏನುಳಿಯುತ್ತದೆ?" ನಾಲ್ಕು ಗಂಡುಮಕ್ಕಳಿದ್ದಾಗ ಅದೇ ಎರಡೆಕರೆ ನಾಲ್ಕು ತುಂಡಾಯಿತು, ಆಗ ಒಬ್ಬರೂ ಈ ಪ್ರಶ್ನೆ ಕೇಳಲಿಲ್ಲ. ಹೆಸರು ಸೇರಿಸಿದ ಮಾತ್ರಕ್ಕೆ ಬದು ಹಾಕಬೇಕೆಂದಿಲ್ಲ. ಜಂಟಿ ಖಾತೆಯಲ್ಲಿ ಹೊಲ ಒಂದೇ ಇರುತ್ತದೆ, ಹೆಸರು ಹೆಚ್ಚಿರುತ್ತವೆ.

"ಮದುವೆಯಲ್ಲಿ ಅವಳ ಪಾಲು ಕೊಟ್ಟಾಯಿತು." ಯಾರಿಗೆ ಕೊಟ್ಟಿರಿ? ಬೈಕು ಅಳಿಯನಿಗೆ, ರೊಕ್ಕ ಬೀಗರಿಗೆ, ಊಟ ಊರಿಗೆ. ವರದಕ್ಷಿಣೆ 1961ರಿಂದ ಅಪರಾಧ; ಅಪರಾಧ ಮಾಡಿ ಅದನ್ನೇ ಪಾಲಿನ ಲೆಕ್ಕಕ್ಕೆ ಹಿಡಿಯಬೇಡಿ.

"ಅವಳಿಗೆ ವ್ಯವಹಾರ ಗೊತ್ತಾಗುವುದಿಲ್ಲ." ಸಂಘದ ಪುಸ್ತಕ ತರಿಸಿ ನೋಡಿ. ಮೂರು ಸಾಲ, ಮೂರು ಬಡ್ಡಿ, ಮೂರು ಕಂತಿನ ವಾರ ತಲೆಯಲ್ಲಿಟ್ಟುಕೊಂಡು ಮನೆ ನಡೆಸುವವಳಿಗೆ ವ್ಯವಹಾರ ಗೊತ್ತಿಲ್ಲವೇ?

ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಜಯಂತಿ ಬಂದರೆ ನಮ್ಮ ಮುಖಂಡರ ಭಾಷಣ ಮುಗಿಯುವುದೇ ಇಲ್ಲ. ಅಲ್ಲಿ ಸೇರಿದ್ದ ಶರಣೆಯರನ್ನು ಜನ ಅವರವರ ಕಾಯಕದಿಂದಲೇ ಗುರುತಿಸಿದರು: ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ವಾಪಸು ಸುರಿದು ಬಾ ಎಂದವಳು ಲಕ್ಕಮ್ಮ. ಅವಳ ವೈರಾಗ್ಯವನ್ನು ಎಲ್ಲರೂ ಹೊಗಳುತ್ತಾರೆ. ಮನೆಗೆ ಏನು ಬರಬೇಕು, ಎಷ್ಟು ಬರಬೇಕು ಎಂದು ತೀರ್ಮಾನಿಸುವ ಅಧಿಕಾರ ಹನ್ನೆರಡನೇ ಶತಮಾನದಲ್ಲಿ ಅವಳ ಕೈಯಲ್ಲಿತ್ತು ಎಂಬುದನ್ನು ವೇದಿಕೆಯ ಮೇಲೆ ಹೇಳಿದವರನ್ನು ನಾವು ಕಾಣೆವು. ಮುಂದಿನ ಜಯಂತಿಗೆ ಭಾಷಣ ಮಾಡುವವರು ಮೊದಲು ತಮ್ಮ ಮನೆಯ ಪಹಣಿ ತೋರಿಸಲಿ.

ಹೊಲವೇ ಇಲ್ಲದವರ ಮಾತು

ಪಹಣಿಯ ಮಾತೆಲ್ಲ ಹೊಲ ಇದ್ದವರಿಗಾಯಿತು, ನಮಗೇನು ಎಂದು ಕೇಳುವ ಅಕ್ಕಂದಿರು ನಮ್ಮಲ್ಲಿ ಬಹಳ ಇದ್ದಾರೆ. ಅವರ ಕೂಲಿಯ ಲೆಕ್ಕ ಮೊದಲು. ಒಂದೇ ಹೊಲ, ಒಂದೇ ಬಿಸಿಲು, ಬೆಳಗಿನಿಂದ ಸಂಜೆಯವರೆಗೆ. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. ಈಗ ಅದು ವೇತನ ಸಂಹಿತೆಯೊಳಗೆ ಸೇರಿದೆ. ಔರಾದಿನ ಬದುವಿನ ಮೇಲೆ ಅದರ ಸುದ್ದಿ ಇನ್ನೂ ಮುಟ್ಟಿಲ್ಲ. ತಮಾಷೆ ನೋಡಿ: ಸೋಯಾ ಕೊಯ್ಲನ್ನು ಎಕರೆ ಲೆಕ್ಕದಲ್ಲಿ ಗುತ್ತೆ ಹಿಡಿದಾಗ ಈ ಭೇದವೇ ಇರುವುದಿಲ್ಲ. ಕೊಯ್ದಷ್ಟಕ್ಕೆ ರೊಕ್ಕ. ದಿನಗೂಲಿ ಅಂದ ಕೂಡಲೇ ಹೆಣ್ಣಿನ ಕೈ ಸಣ್ಣದಾಗುತ್ತದೆ. ಕೈಯಲ್ಲಿ ಕಸುವಿಲ್ಲ ಎಂಬ ನೆಪ ಅಲ್ಲೇ ಬಯಲಾಯಿತು.

ಸರ್ಕಾರಿ ಉದ್ಯೋಗ ಖಾತ್ರಿಯಲ್ಲಿ ಶುರುವಿನಿಂದಲೂ ಗಂಡಿಗೂ ಹೆಣ್ಣಿಗೂ ಒಂದೇ ದರ. 2025ರ ಏಪ್ರಿಲ್‌ನಿಂದ ನಮ್ಮ ರಾಜ್ಯದಲ್ಲಿ ದಿನಕ್ಕೆ 370 ರೂಪಾಯಿ ಆಯಿತು. ದಿಲ್ಲಿಯಲ್ಲಿ ಕಾಯ್ದೆಯ ಹೆಸರು ಬದಲಾಗಲಿ, ನಿಯಮ ಬದಲಾಗಲಿ, ಸಮಾನ ದರವನ್ನು ಬಿಟ್ಟುಕೊಡುವುದಿಲ್ಲ. ಕೆಲಸ ಕೇಳಿ ಅರ್ಜಿ ಕೊಟ್ಟಾಗ ದಿನಾಂಕ ಹಾಕಿದ ರಸೀದಿ ಇಸಿದುಕೊಳ್ಳಿ. ಕಾಯಕ ಬಂಧುವಾಗಿ ಹಾಜರಿ ಬರೆಯುವ ಕೆಲಸಕ್ಕೆ ನಮ್ಮ ಓಣಿಯ ಓದಿದ ಹುಡುಗಿಯ ಹೆಸರು ಕೊಡಿ. ಮಗುವನ್ನು ಎಲ್ಲಿ ಬಿಡುವುದು ಎಂಬವರು ಪಂಚಾಯತಿಯಲ್ಲಿ ಕೂಸಿನ ಮನೆ ಕೇಳಿ. 2023ರಲ್ಲಿ ಸರ್ಕಾರ ರಾಜ್ಯದ 4,000 ಗ್ರಾಮ ಪಂಚಾಯತಿಗಳಿಗೆ ಅದನ್ನು ಘೋಷಿಸಿದೆ. ಬಿತ್ತನೆಗೆ ಮೊದಲೇ, ಕೆಲಸದ ಗಡಿಬಿಡಿ ಶುರುವಾಗುವ ಮುಂಚೆ, ಊರಿನ ಕೂಲಿ ಹೆಂಗಸರೆಲ್ಲ ಕೂತು ಈ ಹಂಗಾಮಿನ ದರ ಇಷ್ಟು ಎಂದು ತೀರ್ಮಾನಿಸಿ. ಕಳೆ ಬೆಳೆದು ನಿಂತಾಗ ನಮಗೆ ಹೊಲದ ಮಾಲೀಕನ ಅಗತ್ಯಕ್ಕಿಂತ ಅವನಿಗೆ ನಮ್ಮ ಅಗತ್ಯವೇ ಹೆಚ್ಚು.

ಇನ್ನು ಹೊಲ. ಭೂಮಿಯಿಲ್ಲದ ಪರಿಶಿಷ್ಟ ಜಾತಿಯ ಕೃಷಿ ಕೂಲಿ ಮಹಿಳೆಯರಿಗೆ ಅರ್ಧ ಸಹಾಯಧನ, ಅರ್ಧ ಸಾಲದಲ್ಲಿ ಹೊಲ ಕೊಡಿಸುವ ಭೂ ಒಡೆತನ ಯೋಜನೆ ಇದೆ, ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮದಲ್ಲಿ ಕೇಳಿ. ನಮ್ಮ ರಾಜ್ಯದಲ್ಲಿ ಲಂಬಾಣಿಯರೂ ಪರಿಶಿಷ್ಟ ಜಾತಿಯ ಪಟ್ಟಿಯಲ್ಲೇ ಇದ್ದಾರೆ. ತಾಂಡಾದವರು ಇನ್ನೊಂದು ಕಾಗದವನ್ನೂ ನೋಡಿಕೊಳ್ಳಬೇಕು. 2023ರ ಜನವರಿ 19ರಂದು ಮಳಖೇಡದಲ್ಲಿ ಬೀದರ್ ಸೇರಿ ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಯಿತು. ನಿಮ್ಮ ಮನೆಗೆ ಬಂದ ಹಕ್ಕುಪತ್ರದಲ್ಲಿ ಯಾರ ಹೆಸರಿದೆ?

ಒಬ್ಬಳಿಗೆ ಆಗದ್ದನ್ನು ಹತ್ತು ಜನ ಮಾಡಿದ್ದನ್ನು ನೋಡಲು ದೂರ ಹೋಗಬೇಕಿಲ್ಲ. ಬೀದರಿನಿಂದ ಬಸ್ಸು ಹತ್ತಿದರೆ ಗಡಿಯಾಚೆ ಜಹೀರಾಬಾದ್, ಪಕ್ಕದಲ್ಲೇ ಪಸ್ತಾಪುರ. ಮೈಸೂರು ಕಡೆಯ ಪಿ.ವಿ. ಸತೀಶ್ ಮತ್ತು ಗೆಳೆಯರು 1983ರಲ್ಲಿ ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ದಲಿತ ಹೆಂಗಸರ ಸಂಘಗಳು ಬೀಳುಬಿದ್ದ ಹೊಲಗಳನ್ನು ಹಸನು ಮಾಡಿದವು, ಕೂಡಿ ಗುತ್ತಿಗೆ ಹಿಡಿದು ಜೋಳ, ನವಣೆ, ತೊಗರಿ ಬೆಳೆದವು, ಬೀಜ ಕೂಡಿಟ್ಟು ಬೀಜದ ಬ್ಯಾಂಕು ಮಾಡಿದವು. 2008ರಲ್ಲಿ ತಮ್ಮದೇ ಸಂಘಂ ರೇಡಿಯೊ ತೆರೆದರು; ಮೈಕಿನ ಮುಂದೆ ಕೂತವರು ಕೂಲಿ ಮಾಡುತ್ತಿದ್ದ ಹೆಂಗಸರೇ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ಅದೇ ಕಪ್ಪು-ಕೆಂಪು ಮಣ್ಣು, ಅದೇ ಮಳೆ. ನಮ್ಮ ಸಂಘಗಳು ಮೂವತ್ತು ವರ್ಷ ಉಳಿತಾಯ ಮಾಡಿವೆ, ಗುತ್ತಿಗೆ ಹಿಡಿದು ಬೇಸಾಯ ಮಾಡಲು ಎಷ್ಟು ಸಂಘ ಮುಂದೆ ಬಂದಿವೆ?

ಶಹರದ ಅಕ್ಕಂದಿರಿಗೆ

ನಮ್ಮ ಬಿದ್ರಿ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ನಮ್ಮ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಇಡೀ ಬೀದರ್ ಖುಷಿಪಟ್ಟಿತು. ಹೂಜಿಯ ಮೇಲೆ ಬೆಳ್ಳಿಯ ಎಳೆ ಕೂರಿಸುವ ಕೆಲಸದಲ್ಲಿ, ಕೋಟೆಯ ಮಣ್ಣಲ್ಲಿ ಕುದಿಸಿ ಕಪ್ಪೇರಿಸಿದ ಮೇಲೆ ಉಜ್ಜಿ ಹೊಳಪು ಕೊಡುವ ಕೆಲಸದಲ್ಲಿ ಮನೆಯ ಹೆಂಗಸರ ಕೈಯೂ ಇದೆ. ಕೈಗೆ ಕೂಲಿ ಬೇರೆ ಇಲ್ಲ, ಅದು "ಮನೆಗೆಲಸ". ಕುಶಲಕರ್ಮಿಯ ಪೆಹಚಾನ್ ಕಾರ್ಡನ್ನು ನಿಮ್ಮ ಹೆಸರಿಗೇ ಮಾಡಿಸಿ. ತರಬೇತಿ, ಮೇಳದ ಮಳಿಗೆ, ಎಲ್ಲಕ್ಕೂ ಅದೇ ಕೀಲಿ. ಇಲ್ಲಿ ಒಂದು ತಕರಾರು ದಿಲ್ಲಿಯವರೆಗೂ ಮುಟ್ಟಬೇಕು. ಹೊಲಿಗೆ, ಬುಟ್ಟಿ, ಕುಂಬಾರಿಕೆ ಮುಂತಾದ 18 ಕಸುಬಿನವರಿಗೆ 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ ಲಾಭ ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಒಬ್ಬರಿಗೆ ಅಂದರೆ ಆ ಒಬ್ಬರು ಯಾರಾಗುತ್ತಾರೆ ಎಂದು ಬಿಡಿಸಿ ಹೇಳಬೇಕೇ?

ರಸ್ತೆ ಬದಿ ತರಕಾರಿ ಮಾರುವವರು ನಗರಸಭೆಯ ಬೀದಿ ವ್ಯಾಪಾರಿ ಗುರುತಿನ ಚೀಟಿ ನಿಮ್ಮ ಹೆಸರಿಗಿದೆಯೇ ನೋಡಿಕೊಳ್ಳಿ. ಮನೆಗೆಲಸದವರು, ಅಂಗಡಿಯಲ್ಲಿ ದುಡಿಯುವವರು ಒಂದನ್ನು ನೆನಪಿಟ್ಟುಕೊಳ್ಳಿ: ಹತ್ತಕ್ಕಿಂತ ಕಡಿಮೆ ಆಳು ಇರುವ ಕಡೆ ಅಸಭ್ಯವಾಗಿ ನಡೆದುಕೊಂಡರೆ ದೂರು ಕೊಡಲು 2013ರ ಕಾಯ್ದೆಯಡಿ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು. ಸಮಿತಿಯ ಸದಸ್ಯರ ಹೆಸರನ್ನು ಬಸ್‌ಸ್ಟ್ಯಾಂಡಿನಲ್ಲಿ, ಗಂಜಿನಲ್ಲಿ ಬೋರ್ಡು ಹಾಕಿ ತಿಳಿಸಿ ಎಂದು ಜಿಲ್ಲಾಡಳಿತವನ್ನು ಕೇಳುತ್ತೇವೆ.

ಬಡದೇಶಗಳು ಮಾಡಿ ತೋರಿಸಿವೆ

ಹೆಂಗಸರ ಹೆಸರಿಗೆ ಹೊಲ ಎಂಬುದೆಲ್ಲ ಅಮೆರಿಕಕ್ಕೆ ಸರಿ, ನಮ್ಮಂಥ ಬಡವರಿಗಲ್ಲ ಎನ್ನುವವರಿಗೆ ಇಥಿಯೋಪಿಯಾದ ಸುದ್ದಿ ಹೇಳಿ. ನಮಗಿಂತ ಬಡದೇಶ, ಎತ್ತಿನ ಬೇಸಾಯ. ಅಲ್ಲಿಯ ಅಮ್ಹಾರಾ ಪ್ರಾಂತ್ಯದಲ್ಲಿ ಹೊಲದ ಪಟ್ಟಾ ಪುಸ್ತಕದ ಮೇಲೆ ಗಂಡ ಹೆಂಡತಿ ಇಬ್ಬರ ಹೆಸರು, ಇಬ್ಬರ ಫೋಟೊ ಹಾಕಿ ಕೊಟ್ಟರು. ಹತ್ಯಾಕಾಂಡದಿಂದ ಚೇತರಿಸಿಕೊಂಡ ರುವಾಂಡಾ 1999ರಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಎಂದು ಕಾನೂನು ಮಾಡಿತು, ಮುಂದೆ ದೇಶದ ಹೊಲಗಳನ್ನೆಲ್ಲ ಅಳೆದು ದಾಖಲೆ ಮಾಡುವಾಗ ಹೆಂಡತಿಯ ಹೆಸರನ್ನೂ ಬರೆಯಿತು. ಭೂಮಿ ತಂತ್ರಾಂಶದಲ್ಲಿ ಪಹಣಿಗಳನ್ನು ದೇಶದಲ್ಲೇ ಮೊದಲಿಗೆ ಕಂಪ್ಯೂಟರಿಗೆ ಹಾಕಿದವರ ಸಾಲಿನಲ್ಲಿ ನಿಲ್ಲುವ ರಾಜ್ಯಕ್ಕೆ ಇನ್ನೊಂದು ಹೆಸರು ಸೇರಿಸಲು ಕಷ್ಟವೇ? ನಮ್ಮ ದೇಶದಲ್ಲೂ ಎಂ.ಎಸ್. ಸ್ವಾಮಿನಾಥನ್ ಅವರು ಮಹಿಳಾ ರೈತರ ಹಕ್ಕಿನ ಮಸೂದೆಯನ್ನು ರಾಜ್ಯಸಭೆಯಲ್ಲಿ 2012ರಲ್ಲಿ ಮಂಡಿಸಿದ್ದರು. ಚರ್ಚೆಗೂ ಬರದೆ ಬಿದ್ದುಹೋಯಿತು. ವಿಶ್ವಸಂಸ್ಥೆ 2026ನ್ನು ಅಂತರರಾಷ್ಟ್ರೀಯ ಮಹಿಳಾ ರೈತರ ವರ್ಷ ಎಂದು ಸಾರಿದೆ. ಸನ್ಮಾನ, ಶಾಲು, ನೆನಪಿನ ಕಾಣಿಕೆ ನಮಗೆ ಬೇಡ. ಪಹಣಿಯಲ್ಲಿ ಹೆಸರು ಹಾಕಿಸಿ.

ಮಾಡಬೇಕಾದದ್ದು

ನಿಮ್ಮ ಸಂಘದ ಮುಂದಿನ ಮೀಟಿಂಗಿಗೆ ಉಳಿತಾಯದ ರೊಕ್ಕದ ಜೊತೆ ಪಹಣಿಯನ್ನೂ ತನ್ನಿ. ಇಲ್ಲದಿದ್ದರೆ ನಾಡಕಚೇರಿಯಲ್ಲೋ ಗ್ರಾಮ ಒನ್‌ನಲ್ಲೋ ಸರ್ವೆ ನಂಬರು ಹೇಳಿ ತೆಗೆಸಿ. ಪುಸ್ತಕ ಬರೆಯುವವಳು ಒಬ್ಬೊಬ್ಬರದ್ದೂ ಓದಲಿ: ಯಾರ ಹೆಸರಿದೆ, ತೀರಿಹೋದವರ ಹೆಸರಿದೆಯೇ, ತವರಿನ ಹೊಲದಲ್ಲಿ ಇವಳ ಹೆಸರಿದೆಯೇ. ಸಂಘದ ಠರಾವು ಪುಸ್ತಕದಲ್ಲಿ ಬರೆದಿಡಿ.

ಹಿರಿಯರ ಹೆಸರಲ್ಲೇ ಉಳಿದ ಪಹಣಿಗೆ ಪೌತಿ ಖಾತೆಯ ಅರ್ಜಿ ಹಾಕಿ. ಮರಣ ಪ್ರಮಾಣ ಪತ್ರ ಬೇಕು, ವಂಶಾವಳಿ ಬೇಕು. ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದರೆ ಸಂಘದ ಹತ್ತು ಜನ ಒಟ್ಟಿಗೆ ಹೋಗಿ ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತವಾಗಿ ತಕರಾರು ಕೊಡಿ, ನಕಲಿನ ಮೇಲೆ ಸಹಿ ಪಡೆಯಿರಿ. ಯಾವುದೇ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಅದನ್ನು ಸಂಘದಲ್ಲಿ ಓದಿಸಬೇಕು ಎಂದು ಇವತ್ತೇ ನಿಯಮ ಮಾಡಿ. ಹಕ್ಕು ಬಿಡುವುದೇ ಆದರೆ ಬಿಡಲಿ, ತಿಳಿದು ಬಿಡಲಿ.

ಗಂಡನ ಮನಸ್ಸಿದ್ದರೆ ಅವನು ಬದುಕಿರುವಾಗಲೇ ಹೆಂಡತಿಯ ಹೆಸರಿಗೆ ಒಂದಿಷ್ಟು ಹೊಲವನ್ನು ದಾನಪತ್ರ ಮಾಡಿ ರಿಜಿಸ್ಟರ್ ಮಾಡಿಸಬಹುದು. ಕುಟುಂಬದೊಳಗಿನ ದಾನಕ್ಕೆ ಮಾರಾಟದಷ್ಟು ಮುದ್ರಾಂಕ ಶುಲ್ಕವಿಲ್ಲ, ನಿಗದಿಯಾದ ಸಣ್ಣ ಮೊತ್ತ. ಈ ಕರಪತ್ರವನ್ನು ಇಲ್ಲಿಯವರೆಗೆ ಓದಿದ ಗಂಡಸರಲ್ಲಿ ಹೀಗೆ ಮಾಡುವವರು ಇದ್ದರೆ ನಿಮ್ಮ ಹೆಸರನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಹೇಳುತ್ತೇವೆ.

ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಸರ್ಕಾರದ ವಕೀಲರು ಪುಕ್ಕಟೆ, 1987ರ ಕಾಯ್ದೆ ಹಾಗೆ ಹೇಳುತ್ತದೆ. ಬೀದರ್ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಭಾಲ್ಕಿ ಮತ್ತು ಔರಾದ್ ಕೋರ್ಟುಗಳಲ್ಲಿ ತಾಲ್ಲೂಕು ಸಮಿತಿ. ಫೋನು 15100. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ 181. ಹೋಗಿಬರುವುದಕ್ಕೆ ಶಕ್ತಿ ಬಸ್ಸಿದೆ, ಆಧಾರ್ ಕಾರ್ಡು ಮರೆಯಬೇಡಿ.

ಬರುವ ಗ್ರಾಮಸಭೆಗೆ ಎಲ್ಲ ಸಂಘಗಳೂ ಒಂದೇ ಠರಾವು ತನ್ನಿ: ನಮ್ಮ ಪಂಚಾಯತಿಯಲ್ಲಿ ಎಷ್ಟು ಪಹಣಿ ಇವೆ, ಅದರಲ್ಲಿ ಎಷ್ಟರಲ್ಲಿ ಹೆಂಗಸರ ಹೆಸರಿದೆ ಎಂದು ಕಂದಾಯ ಇಲಾಖೆ ಲೆಕ್ಕ ಕೊಡಲಿ, ವರ್ಷ ವರ್ಷ ಕೊಡಲಿ. ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸದೆ ಎದ್ದು ಬರಬೇಡಿ.

ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಆ ಶಾಲೆಯ ಊರಿನವರು ನಾವು, ಕಾಗದ ಓದಲು ಕಲಿಯುವುದಕ್ಕೆ ಹಿಂಜರಿಯುವುದು ಬೇಡ. ಈ ಕರಪತ್ರವನ್ನು ಔರಾದ್, ಕಮಲನಗರದ ಕಡೆ ಮರಾಠಿಯಲ್ಲಿ ಹೇಳಿ, ಹಳೆ ಬೀದರಿನ ಗಲ್ಲಿಗಳಲ್ಲಿ ಉರ್ದುವಿನಲ್ಲಿ ಹೇಳಿ, ತಾಂಡಾಗಳಲ್ಲಿ ಲಂಬಾಣಿಯಲ್ಲಿ ಹೇಳಿ. ಝೆರಾಕ್ಸ್ ಮಾಡಿ ಹಂಚಿ, ಯಾರ ಅಪ್ಪಣೆಯೂ ಬೇಕಿಲ್ಲ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಅಂಗನವಾಡಿ, ಬಸ್‌ಸ್ಟ್ಯಾಂಡು, ಎಲ್ಲಿ ಹೆಂಗಸರು ನಿಲ್ಲುತ್ತಾರೋ ಅಲ್ಲಿ ಅಂಟಿಸಿ.